ದುಬಾರಿ ಮಲ್ಟಿಮೀಟರ್: ದುಡ್ಡು ಕೊಡುವುದು ಯಾತಕ್ಕೆ?

ಒಂದೊಂದು ಮೆಗಾಓಮಿನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿ, ಎರಡು ತುದಿಗಳಿಗೆ 5 ವೋಲ್ಟ್ ಕೊಡಿ. ನಡುವಿನ ಬಿಂದುವಿನಲ್ಲಿ 2.5 ವೋಲ್ಟ್ ಇರಬೇಕು. ಈಗ ಹತ್ತಾರು ಸಾವಿರ ರೂಪಾಯಿ ಬೆಲೆಯ, ಶೇಕಡಾ 0.05 ನಿಖರತೆಯ ಮಲ್ಟಿಮೀಟರ್ ತಂದು ಅಳೆಯಿರಿ. ಅದು ತೋರಿಸುವುದು 2.38 ವೋಲ್ಟ್. ಮೀಟರ್ ಕೆಟ್ಟಿಲ್ಲ. ಅದರ ಒಳಗಿರುವ 10 ಮೆಗಾಓಮ್ ರೋಧ ಕೆಳಗಿನ ರೆಸಿಸ್ಟರಿಗೆ ಸಮಾಂತರವಾಗಿ ಸೇರಿಕೊಂಡಿತು. ಪ್ರೋಬ್ ತಾಗಿದ ಕೂಡಲೇ ಅಲ್ಲಿನ ವೋಲ್ಟೇಜೇ ಇಳಿಯಿತು. ಇಳಿದ ವೋಲ್ಟೇಜನ್ನು ಮೀಟರ್ ನಿಖರವಾಗಿಯೇ ಹೇಳಿತು. ಆದರೂ ನಮಗೆ ಬೇಕಾಗಿದ್ದ ಉತ್ತರಕ್ಕೂ ಬಂದ ಉತ್ತರಕ್ಕೂ ಶೇಕಡಾ 5ರ ಹತ್ತಿರ ಅಂತರ. ಮೀಟರಿನ ಮೇಲೆ ಬರೆದ ನಿಖರತೆಗೆ ಹೋಲಿಸಿದರೆ ಇದು ಸುಮಾರು ನೂರು ಪಟ್ಟು.

ಇದು ಪ್ರಯೋಗಶಾಲೆಯ ಚಮತ್ಕಾರವಲ್ಲ. ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ನಡೆಯಬೇಕಾದ ಹಲವು ಸೆನ್ಸರ್ ಬೋರ್ಡುಗಳಲ್ಲಿ, ಕರೆಂಟ್ ಉಳಿಸಲೆಂದು ಇಂಥದೇ ದೊಡ್ಡ ಮೌಲ್ಯದ ರೆಸಿಸ್ಟರುಗಳನ್ನು ಹಾಕಿರುತ್ತಾರೆ. ದುಬಾರಿ ಮೀಟರ್ ಕೊಳ್ಳಲು ಹೊರಟವರು ಡಿಸ್‌ಪ್ಲೇಯಲ್ಲಿ ಎಷ್ಟು ಅಂಕಿ ಬರುತ್ತದೆ ಎಂದು ಮೊದಲು ಕೇಳುತ್ತಾರೆ. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಇಷ್ಟೇ: ದಿನನಿತ್ಯದ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿ ದೊಡ್ಡ ತಪ್ಪುಗಳು ಮೀಟರಿನ ಒಳಗೆ ಹುಟ್ಟುವುದು ಕಡಿಮೆ, ಮೀಟರೂ ಸರ್ಕ್ಯೂಟೂ ಕೂಡುವ ಜಾಗದಲ್ಲಿ ಹುಟ್ಟುವುದೇ ಹೆಚ್ಚು. ಆದ್ದರಿಂದ ಆಯ್ಕೆಯನ್ನೂ ಆ ಜಾಗದಿಂದಲೇ ಶುರುಮಾಡಬೇಕು.

ಹಳೆಯ ರೇಡಿಯೊ ಮೆಕ್ಯಾನಿಕ್ಕುಗಳಿಗೆ ಈ ಮಾತು ಚೆನ್ನಾಗಿ ಗೊತ್ತಿತ್ತು. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ಡೊನಾಲ್ಡ್ ಮೆಕಾಡಿ ರೂಪಿಸಿದ ಆವೋಮೀಟರ್ 1923ರಲ್ಲಿ ಮಾರುಕಟ್ಟೆಗೆ ಬಂತು. ಅದರ ವಂಶದ ಪ್ರಸಿದ್ಧ ಮಾದರಿ ಎಂಟರಲ್ಲಿ ಸೂಕ್ಷ್ಮತೆ ವೋಲ್ಟಿಗೆ 20,000 ಓಮ್. ಅಂದರೆ 10 ವೋಲ್ಟ್ ರೇಂಜಿನಲ್ಲಿ ಮೀಟರಿನ ರೋಧ ಬರೀ 2 ಲಕ್ಷ ಓಮ್. ಮೇಲಿನ ನಮ್ಮ ಸರ್ಕ್ಯೂಟಿಗೆ ಅದನ್ನು ತಾಗಿಸಿದರೆ ಮುಳ್ಳು 0.7 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಹಾಗಾಗಿಯೇ ಆ ಕಾಲದ ರೇಡಿಯೊ ಸರ್ವಿಸ್ ಪುಸ್ತಕಗಳಲ್ಲಿ ವೋಲ್ಟೇಜ್ ಪಟ್ಟಿಯ ಜೊತೆಗೆ, ಯಾವ ಸೂಕ್ಷ್ಮತೆಯ ಮೀಟರಿನಿಂದ ಅಳೆದದ್ದು ಎಂದೂ ಬರೆಯುತ್ತಿದ್ದರು. 1977ರಲ್ಲಿ ಫ್ಲೂಕ್ ಕಂಪನಿಯ 8020ಎ ಎಂಬ ಕೈಮೀಟರ್ ಬಂದ ಮೇಲೆ, 10 ಮೆಗಾಓಮ್ ರೋಧದ ಡಿಜಿಟಲ್ ಮೀಟರುಗಳು ಎಲ್ಲರ ಕೈಗೂ ಸೇರತೊಡಗಿದವು. ಬಹುಪಾಲು ಸರ್ಕ್ಯೂಟುಗಳಿಗೆ 10 ಮೆಗಾಓಮ್ ಧಾರಾಳವಾಗಿ ಸಾಕು. ಆದರೆ ಅದರಿಂದಾಗಿಯೇ, ಮೀಟರ್ ಕೂಡ ಸರ್ಕ್ಯೂಟಿನ ಒಂದು ಭಾಗ ಎಂಬ ಎಚ್ಚರ ಮೆಲ್ಲಗೆ ಮರೆತುಹೋಯಿತು.

ಅಂಕಿಗಳ ವಿಷಯವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮೀಟರ್ 6000 ಕೌಂಟಿನದು ಎಂದರೆ ಒಂದು ರೇಂಜಿನಲ್ಲಿ 5999ರವರೆಗೆ ತೋರಿಸಬಲ್ಲದು ಎಂದರ್ಥ. ಇದು ನಿಖರತೆಯಲ್ಲ, ಎಷ್ಟು ಸಣ್ಣ ವ್ಯತ್ಯಾಸ ಕಾಣಿಸೀತು ಎಂಬ ಅಳತೆ ಮಾತ್ರ. ನಿಖರತೆಯನ್ನು ಡೇಟಾಶೀಟಿನಲ್ಲಿ ಎರಡು ಭಾಗವಾಗಿ ಕೊಡುತ್ತಾರೆ: ರೀಡಿಂಗಿನ ಶೇಕಡಾ ಇಷ್ಟು, ಅದರ ಮೇಲೆ ಕೊನೆಯ ಅಂಕಿಯಲ್ಲಿ ಇಷ್ಟು. ಎರಡನೆಯ ಭಾಗವನ್ನು ಬಹಳ ಜನ ಓದುವುದೇ ಇಲ್ಲ. ಲಿಥಿಯಂ ಅಯಾನ್ ಸೆಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳಿ. ತುಂಬಿದ ಸೆಲ್ 4.20 ವೋಲ್ಟಿಗೆ ನಿಲ್ಲಬೇಕು. ಸಾಮಾನ್ಯವಾಗಿ 50 ಮಿಲಿವೋಲ್ಟ್ ಆಚೀಚೆಗೆ ಮಾತ್ರ ಅವಕಾಶ. 4000 ಕೌಂಟಿನ, ಶೇಕಡಾ 0.5 ಮತ್ತು 3 ಅಂಕಿ ನಿಖರತೆಯ ಮೀಟರಿನಲ್ಲಿ 4 ವೋಲ್ಟ್ ದಾಟುತ್ತಿದ್ದಂತೆ ರೇಂಜ್ 40 ವೋಲ್ಟಿಗೆ ಜಿಗಿಯುತ್ತದೆ, ಕೊನೆಯ ಅಂಕಿಯ ಬೆಲೆ 10 ಮಿಲಿವೋಲ್ಟ್ ಆಗುತ್ತದೆ. ಲೆಕ್ಕ ಹಾಕಿದರೆ 21 ಮಿಲಿವೋಲ್ಟ್, ಜೊತೆಗೆ 30. ಒಟ್ಟು 51 ಮಿಲಿವೋಲ್ಟ್ ಅನಿಶ್ಚಿತತೆ. ಸೆಲ್ಲಿಗೆ ಇರುವ ಅವಕಾಶವನ್ನೆಲ್ಲ ಮೀಟರೇ ತಿಂದುಹಾಕಿತು! ಅದೇ ಸೆಲ್ಲನ್ನು 6000 ಕೌಂಟಿನ, ಶೇಕಡಾ 0.05 ಮತ್ತು 1 ಅಂಕಿಯ ಮೀಟರಿನಿಂದ ಅಳೆದರೆ ಅನಿಶ್ಚಿತತೆ ಸುಮಾರು 3 ಮಿಲಿವೋಲ್ಟ್. ಬ್ಯಾಟರಿ ಪ್ಯಾಕ್ ಕಟ್ಟುವವರಿಗೆ, ಚಾರ್ಜರ್ ರಿಪೇರಿ ಮಾಡುವವರಿಗೆ ಒಳ್ಳೆಯ ಮೀಟರ್ ಬೇಕೇ ಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಕಾರಣ ಸಿಗಲಾರದು. ಗಮನಿಸಿ, ಇಲ್ಲಿ ಗೆಲ್ಲಿಸಿದ್ದು 50,000 ಕೌಂಟ್ ಅಲ್ಲ. 6000 ಸಾಕಾಯಿತು.

ಅಂಕಿಗಳು ಹೆಚ್ಚಿದಷ್ಟೂ ಪ್ರಯೋಜನ ಸಿಗುವ ಜಾಗ ಬೇರೆಯೇ ಇದೆ: ಮಿಲಿವೋಲ್ಟ್ ರೇಂಜ್. ಅದರ ಬೆಲೆ ತಿಳಿಯಬೇಕಾದರೆ ಮೊದಲು ಕರೆಂಟ್ ಅಳೆಯುವ ಕಷ್ಟವನ್ನು ನೋಡಬೇಕು.

ಕರೆಂಟ್ ಅಳೆಯಲು ಮೀಟರ್ ತನ್ನೊಳಗಿನ ಒಂದು ಚಿಕ್ಕ ರೆಸಿಸ್ಟರಿನ ಮೂಲಕ ಅದನ್ನು ಹರಿಸಿ, ಅದರ ಎರಡು ಬದಿಯ ವೋಲ್ಟೇಜ್ ನೋಡುತ್ತದೆ. ಆ ವೋಲ್ಟೇಜು ಸರ್ಕ್ಯೂಟಿನ ಪಾಲಿನಿಂದ ಕಳೆದುಹೋಗುತ್ತದೆ. ಡೇಟಾಶೀಟಿನಲ್ಲಿ ಬರ್ಡನ್ ವೋಲ್ಟೇಜ್ ಎಂಬ ಸಾಲಿನಲ್ಲಿ ಇದನ್ನು ಕೊಟ್ಟಿರುತ್ತಾರೆ. ಜಗತ್ತಿನ ಅತ್ಯಂತ ಹೆಸರುವಾಸಿ ಕೈಮೀಟರುಗಳಲ್ಲಿ ಒಂದಾದ ಫ್ಲೂಕ್ 87-ವಿಯಲ್ಲಿ ಅದು ಮಿಲಿಆಂಪಿಯರ್ ರೇಂಜಿನಲ್ಲಿ ಪ್ರತಿ ಮಿಲಿಆಂಪಿಯರಿಗೆ 1.8 ಮಿಲಿವೋಲ್ಟ್, ಮೈಕ್ರೋಆಂಪಿಯರ್ ರೇಂಜಿನಲ್ಲಿ ಪ್ರತಿ ಮೈಕ್ರೋಆಂಪಿಯರಿಗೆ 100 ಮೈಕ್ರೋವೋಲ್ಟ್. ಓಮಿನ ಲೆಕ್ಕದಲ್ಲಿ ಹೇಳುವುದಾದರೆ 1.8 ಓಮ್ ಮತ್ತು 100 ಓಮ್.

ಇಎಸ್‌ಪಿ32 ಎಂಬ ವೈಫೈ ಚಿಪ್ಪು ಈಗ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ತೀರ ಸಾಮಾನ್ಯ. ಗಾಢ ನಿದ್ರೆಯಲ್ಲಿ ಅದು ಎಳೆಯುವುದು ಸುಮಾರು 10 ಮೈಕ್ರೋಆಂಪಿಯರ್. ಎದ್ದು ಸಂದೇಶ ಕಳುಹಿಸುವಾಗ 240 ಮಿಲಿಆಂಪಿಯರ್ ಹತ್ತಿರ. ನಿದ್ರೆಯ ಕರೆಂಟ್ ನೋಡಲು ಮೈಕ್ರೋಆಂಪಿಯರ್ ರೇಂಜಿಗೆ ಇಟ್ಟಿರಿ ಎನ್ನಿ. ಚಿಪ್ ಎದ್ದ ಕೂಡಲೇ 100 ಓಮಿನ ಮೂಲಕ 240 ಮಿಲಿಆಂಪಿಯರ್ ಹರಿಯಬೇಕಾದರೆ 24 ವೋಲ್ಟ್ ಬೇಕು. ಇರುವುದೇ 3.3. ಚಿಪ್ ಏಳಲಾರದೆ ಮತ್ತೆ ಮತ್ತೆ ರೀಸೆಟ್ ಆಗುತ್ತದೆ, ನಾವು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ರಾತ್ರಿ ಕಳೆಯುತ್ತೇವೆ. ಮಿಲಿಆಂಪಿಯರ್ ರೇಂಜಿಗೆ ತಿರುಗಿಸಿದರೂ 0.43 ವೋಲ್ಟ್ ಕಳೆದು ಉಳಿಯುವುದು 2.87, ಚಿಪ್ ತಯಾರಕರು ಕೇಳುವ ಕನಿಷ್ಠ 3.0 ವೋಲ್ಟಿಗಿಂತ ಕಡಿಮೆ. 10 ಆಂಪಿಯರ್ ರೇಂಜಿನಲ್ಲಿ ವೋಲ್ಟೇಜ್ ಅಷ್ಟಾಗಿ ಇಳಿಯುವುದಿಲ್ಲ ನಿಜ, ಆದರೆ ಅಲ್ಲಿ ಮೈಕ್ರೋಆಂಪಿಯರ್ ಕಾಣಿಸುವುದಿಲ್ಲ.

ದಾರಿ ಇದೆ. 1 ಓಮಿನ ಒಳ್ಳೆಯ ರೆಸಿಸ್ಟರನ್ನು ನಾವೇ ಸರ್ಕ್ಯೂಟಿನಲ್ಲಿ ಸೇರಿಸಿ, ಅದರ ಎರಡು ಬದಿಯ ಮಿಲಿವೋಲ್ಟ್ ಅಳೆಯುವುದು. ಸಾಮಾನ್ಯ ಮೀಟರ್ 0.1 ಮಿಲಿವೋಲ್ಟ್ ತೋರಿಸುತ್ತದೆ, ಅಂದರೆ 100 ಮೈಕ್ರೋಆಂಪಿಯರಿಗಿಂತ ಸೂಕ್ಷ್ಮವಾಗಿ ನೋಡಲಾಗದು. ಫ್ಲೂಕ್ 289ರ 50 ಮಿಲಿವೋಲ್ಟ್ ರೇಂಜಿನಲ್ಲಾಗಲಿ, ತೈವಾನಿನ ಬ್ರೈಮೆನ್ 869ಎಸ್‌ನಲ್ಲಾಗಲಿ ಒಂದು ಮೈಕ್ರೋವೋಲ್ಟಿನವರೆಗೆ ಕಾಣುತ್ತದೆ. 1 ಓಮಿನ ಮೇಲೆ ಅದು ನೇರವಾಗಿ ಒಂದು ಮೈಕ್ರೋಆಂಪಿಯರ್. ಪ್ರೋಬುಗಳನ್ನು ಒಂದೇ ಬಿಂದುವಿಗೆ ಹಿಡಿದು ರಿಲೇಟಿವ್ ಗುಂಡಿ ಒತ್ತಿ ಸೊನ್ನೆ ಮಾಡಿಕೊಂಡರೆ, ಲೋಹಗಳ ಬಿಸಿ ತಂಪಿನಿಂದ ಹುಟ್ಟುವ ಕೆಲವು ಮೈಕ್ರೋವೋಲ್ಟುಗಳೂ ಬಹುಮಟ್ಟಿಗೆ ಕಳೆಯುತ್ತವೆ.

ಇದೇ ಸಾಮರ್ಥ್ಯ ಮೊಬೈಲ್ ಮತ್ತು ಲ್ಯಾಪ್‌ಟಾಪ್ ರಿಪೇರಿಯವರಿಗೆ ಇನ್ನೊಂದು ಉಪಕಾರ ಮಾಡುತ್ತದೆ. ಬೋರ್ಡಿನ ಒಂದು ಸಪ್ಲೈ ಲೈನ್ ಷಾರ್ಟ್ ಆಗಿದೆ. ಅದಕ್ಕೆ ಜೋಡಿಸಿದ ನಲವತ್ತು ಕೆಪ್ಯಾಸಿಟರುಗಳಲ್ಲಿ ಯಾವುದು ಹೋಗಿದೆ? ಕಂಟಿನ್ಯುಟಿ ಬೀಪ್ ಎಲ್ಲದರ ಮೇಲೂ ಕೂಗುತ್ತದೆ. ಬೆಂಚ್ ಸಪ್ಲೈಯಿಂದ ಕಡಿಮೆ ವೋಲ್ಟೇಜಿನಲ್ಲಿ ಒಂದು ಆಂಪಿಯರ್ ಹರಿಸಿ, ತಾಮ್ರದ ಗೆರೆಯ ಉದ್ದಕ್ಕೂ ಮಿಲಿವೋಲ್ಟ್ ನೋಡುತ್ತಾ ಹೋಗಬೇಕು. ಸಾಮಾನ್ಯ ದಪ್ಪದ ತಾಮ್ರದಲ್ಲಿ 1 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಉದ್ದದ ಗೆರೆಯ ರೋಧ 25 ಮಿಲಿಓಮ್ ಹತ್ತಿರ. ಒಂದು ಆಂಪಿಯರಿಗೆ 25 ಮಿಲಿವೋಲ್ಟ್ ಇಳಿತ. ಕರೆಂಟ್ ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೆ ಸಂಖ್ಯೆ ಬದಲಾಗುತ್ತಾ ಹೋಗುತ್ತದೆ, ದೋಷವಿರುವ ಕೆಪ್ಯಾಸಿಟರನ್ನು ದಾಟಿದ ಮೇಲೆ ನಿಂತುಬಿಡುತ್ತದೆ. ಹೆಚ್ಚಿನ ಅಂಕಿಗಳಿಗೆ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲಿ.

ಎಸಿ ವೋಲ್ಟೇಜಿಗೆ ಬಂದರೆ ಟ್ರೂ ಆರ್‌ಎಂಎಸ್ ಎಂಬ ಮಾತು ಎದುರಾಗುತ್ತದೆ. ಅಗ್ಗದ ಮೀಟರ್ ಎಸಿಯ ಸರಾಸರಿಯನ್ನು ಅಳೆದು, ಅದು ಶುದ್ಧ ಸೈನ್ ಅಲೆಯೇ ಎಂದು ಭಾವಿಸಿ 1.11ರಿಂದ ಗುಣಿಸಿ ತೋರಿಸುತ್ತದೆ. ಅಲೆಯ ಆಕಾರ ಬೇರೆಯಾದರೆ ಉತ್ತರ ಸುಳ್ಳಾಗುತ್ತದೆ. ನಮ್ಮ ಊರುಗಳಲ್ಲಿ ಲೋಡ್ ಶೆಡ್ಡಿಂಗ್ ಕಾಲದಿಂದ ಮನೆ ಅಂಗಡಿಗಳಲ್ಲಿ ಕೂತಿರುವ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರುಗಳನ್ನೇ ನೋಡಿ. ಸರಿಯಾಗಿ 230 ವೋಲ್ಟ್ ಕೊಡುತ್ತಿರುವ ಪೂರ್ಣ ಚೌಕ ಅಲೆಯನ್ನು ಅಂಥ ಮೀಟರ್ 255 ಎಂದು ತೋರಿಸುತ್ತದೆ. ರಿಪೇರಿಯವರು ಅದನ್ನು ನಂಬಿ ಔಟ್‌ಪುಟ್ ಇಳಿಸಿದರೆ ಫ್ಯಾನು ನಿಧಾನವಾಗುತ್ತದೆ, ದೂರು ವಾಪಸ್ ಬರುತ್ತದೆ. ಇಂದು ಮೇಲ್ದರ್ಜೆಯ ಮೀಟರುಗಳೆಲ್ಲ ಟ್ರೂ ಆರ್‌ಎಂಎಸ್, ಅಂದರೆ ಅಲೆಯ ಆಕಾರ ಬೇರೆಯಾದರೂ ಅದರ ನಿಜವಾದ ಪರಿಣಾಮವನ್ನು ಅಳೆಯುವಂಥವು. ಆದರೆ ಅಲ್ಲೂ ಒಂದು ಸೂಕ್ಷ್ಮವಿದೆ. 0ಯಿಂದ 5 ವೋಲ್ಟಿನ ನಡುವೆ ಸಮಸಮವಾಗಿ ಬಡಿಯುವ ಪಲ್ಸನ್ನು ಅಳೆದರೆ 87-ವಿ ಎಸಿ ವೋಲ್ಟಿನಲ್ಲಿ 2.5 ತೋರಿಸುತ್ತದೆ, ಯಾಕೆಂದರೆ ಅದು ಡಿಸಿ ಭಾಗವನ್ನು ಹೊರಗಿಟ್ಟು ಅಳೆಯುತ್ತದೆ. ಹೀಟರ್ ಒಂದಕ್ಕೆ ತಲುಪುವ ನಿಜವಾದ ಪರಿಣಾಮ 3.54 ವೋಲ್ಟಿನದು. ಎಸಿ ಮತ್ತು ಡಿಸಿ ಎರಡನ್ನೂ ಕೂಡಿಸಿ ತೋರಿಸುವ ಸೌಲಭ್ಯ ಫ್ಲೂಕ್ 289ರಲ್ಲೂ ಬ್ರೈಮೆನ್ 869ಎಸ್‌ನಲ್ಲೂ ಇದೆ.

ಬ್ಯಾಂಡ್‌ವಿಡ್ತ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವುಗಳು ಕೆಲವು ಕಿಲೋಹರ್ಟ್ಸ್ ವೇಗದಲ್ಲಿ ವೋಲ್ಟೇಜನ್ನು ಕತ್ತರಿಸಿ ಕಳುಹಿಸುತ್ತವೆ. 100 ಕಿಲೋಹರ್ಟ್ಸ್‌ವರೆಗೆ ಕಾಣುವ ಮೀಟರ್ ಆ ಕತ್ತರಿಕೆಯನ್ನೆಲ್ಲ ಲೆಕ್ಕಕ್ಕೆ ಸೇರಿಸಿ, ಮೋಟಾರಿಗೆ ಉಪಯೋಗಕ್ಕೆ ಬರುವುದಕ್ಕಿಂತ ಹೆಚ್ಚಿನ ವೋಲ್ಟೇಜ್ ತೋರಿಸುತ್ತದೆ. 87-ವಿಯಲ್ಲಿ ಇದಕ್ಕಾಗಿಯೇ ಒಂದು ಲೋ ಪಾಸ್ ಫಿಲ್ಟರ್ ಇಟ್ಟಿದ್ದಾರೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಮೆಷಿನ್ ರಿಪೇರಿ ಮಾಡುವವರಿಗೆ ಈ ಒಂದು ಗುಂಡಿ ಬಹಳ ಉಪಯುಕ್ತ; ಮೇಜಿನ ಮೇಲೆ ಬರೀ ಮೈಕ್ರೋಕಂಟ್ರೋಲರ್ ಬೋರ್ಡುಗಳನ್ನು ನೋಡುವವರಿಗೆ ಅಷ್ಟಾಗಿ ಬೇಕಿಲ್ಲ.

ಇನ್ನು ಜೀವದ ಪ್ರಶ್ನೆ. ನಾನು ಎಲೆಕ್ಟ್ರಾನಿಕ್ಸ್ ಮಾತ್ರ ಮಾಡುತ್ತೇನೆ, ನನಗ್ಯಾಕೆ ಸುರಕ್ಷತೆಯ ವರ್ಗ ಎಂದು ಹೇಳುವವರೂ ಒಂದಲ್ಲ ಒಂದು ದಿನ ಅದೇ ಮೀಟರನ್ನು ಮನೆಯ ಮೇನ್ ಬೋರ್ಡಿಗೆ ಹಿಡಿಯುತ್ತಾರೆ. ಐಇಸಿ 61010 ಎಂಬ ಅಂತರರಾಷ್ಟ್ರೀಯ ಮಾನದಂಡ ಮೀಟರುಗಳನ್ನು ಕ್ಯಾಟ್ 2, ಕ್ಯಾಟ್ 3, ಕ್ಯಾಟ್ 4 ಎಂದು ವಿಂಗಡಿಸುತ್ತದೆ. ಗೋಡೆಯ ಸಾಕೆಟ್ಟಿಗೆ ಚುಚ್ಚಿದ ಉಪಕರಣ ಕ್ಯಾಟ್ 2ಕ್ಕೆ ಸೇರುತ್ತದೆ, ಕಟ್ಟಡದೊಳಗಿನ ಹಂಚಿಕೆ ಬೋರ್ಡು ಕ್ಯಾಟ್ 3ಕ್ಕೆ, ಕಂಬದಿಂದ ಮನೆಗೆ ಬರುವ ಲೈನು ಮತ್ತು ವಿದ್ಯುತ್ ಮೀಟರಿನ ಜಾಗ ಕ್ಯಾಟ್ 4ಕ್ಕೆ. ಸಿಡಿಲಿನಿಂದಲೋ ದೊಡ್ಡ ಮೋಟಾರ್ ಬಂದ್ ಆದದ್ದರಿಂದಲೋ ಲೈನಿನಲ್ಲಿ ಕ್ಷಣಮಾತ್ರ ಸಾವಿರಾರು ವೋಲ್ಟ್ ಏಳುತ್ತದೆ. ಕ್ಯಾಟ್ 2, 1000 ವೋಲ್ಟ್ ಎಂದು ಬರೆದ ಮೀಟರನ್ನೂ ಕ್ಯಾಟ್ 3, 600 ವೋಲ್ಟ್ ಎಂದು ಬರೆದದ್ದನ್ನೂ ಪರೀಕ್ಷಿಸುವುದು 6000 ವೋಲ್ಟಿನ ಹೊಡೆತದಿಂದಲೇ. ಆದರೆ ಮೊದಲಿನದಕ್ಕೆ ಹೊಡೆತ ಬರುವುದು 12 ಓಮಿನ ಮೂಲಕ, ಎರಡನೆಯದಕ್ಕೆ 2 ಓಮಿನ ಮೂಲಕ. ಒಂದರಲ್ಲಿ 500 ಆಂಪಿಯರ್ ನುಗ್ಗಬಲ್ಲದು, ಇನ್ನೊಂದರಲ್ಲಿ 3000. ದೊಡ್ಡ ವೋಲ್ಟೇಜ್ ಸಂಖ್ಯೆ ನೋಡಿ ಕ್ಯಾಟ್ 2, 1000 ವೋಲ್ಟಿನದನ್ನು ಆರಿಸಿಕೊಂಡವನು ಕಡಿಮೆ ರಕ್ಷಣೆಯನ್ನೇ ಆರಿಸಿಕೊಂಡಂತಾಯಿತು.

ರಕ್ಷಣೆಯ ಅರ್ಧ ಭಾಗ ಫ್ಯೂಸಿನಲ್ಲಿದೆ. ಪ್ರೋಬನ್ನು ಕರೆಂಟ್ ಜ್ಯಾಕಿನಲ್ಲೇ ಮರೆತು 230 ವೋಲ್ಟ್ ಸಾಕೆಟ್ಟಿಗೆ ಚುಚ್ಚುವುದು ಎಲ್ಲ ವರ್ಕ್‌ಶಾಪಿನಲ್ಲೂ ಆಗುವ ಅವಘಡ. ಆಗ ಮೀಟರ್ ನೇರ ಷಾರ್ಟ್. ಅಗ್ಗದ ಮೀಟರಿನ ಗಾಜಿನ ಫ್ಯೂಸ್ ಸಿಡಿದು, ಒಳಗೆ ಲೋಹದ ಆವಿಯ ಮೂಲಕ ಆರ್ಕ್ ಮುಂದುವರಿದು, ಪೆಟ್ಟಿಗೆಯೇ ಒಡೆಯಬಹುದು. ಮೇಲ್ದರ್ಜೆಯ ಮೀಟರುಗಳಲ್ಲಿ ಇರುವುದು ಮರಳು ತುಂಬಿದ ಸೆರಾಮಿಕ್ ಫ್ಯೂಸ್, ಸಾಮಾನ್ಯವಾಗಿ 11 ಆಂಪಿಯರ್ 1000 ವೋಲ್ಟ್ ಒಂದು, 440 ಮಿಲಿಆಂಪಿಯರ್ 1000 ವೋಲ್ಟ್ ಇನ್ನೊಂದು. ಸುಟ್ಟಾಗ ಅದರ ಬೆಲೆ ಕೇಳಿ ಗಾಬರಿಯಾಗಿ ಗಾಜಿನದನ್ನೋ, ತಂತಿಯ ತುಂಡನ್ನೋ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕ್ಷಣದಿಂದ ಅದು ಕ್ಯಾಟ್ 3 ಮೀಟರ್ ಅಲ್ಲ, ಹಳದಿ ಕವಚದ ಅಪಾಯ. ತಪ್ಪು ಜ್ಯಾಕಿನಲ್ಲಿ ಪ್ರೋಬ್ ಇದ್ದರೆ ಫ್ಲೂಕ್ ಮತ್ತು ಬ್ರೈಮೆನ್ ಬೀಪ್ ಹೊಡೆದು ಎಚ್ಚರಿಸುತ್ತವೆ. ಜಪಾನಿನ ಹಿಯೋಕಿ ಡಿಟಿ4282, ಜರ್ಮನಿಯ ಗಾಸೆನ್ ಮೆಟ್ರಾವಾಟ್ ಕಂಪನಿಯ ಮೆಟ್ರಾಹಿಟ್ ಇನ್ನೂ ಮುಂದೆ ಹೋಗಿ, ನಾಬ್ ತಿರುಗಿಸಿದಂತೆ ಬೇಡದ ಜ್ಯಾಕನ್ನು ಬಾಗಿಲಿನಿಂದ ಮುಚ್ಚಿಬಿಡುತ್ತವೆ. ನಾಸಿಕದ ರಿಷಭ್ ಕಂಪನಿಯ ರಿಷ್ ಮಲ್ಟಿ ಮೀಟರುಗಳಲ್ಲೂ ಈ ಏರ್ಪಾಡಿದೆ. ವಿದ್ಯಾರ್ಥಿಗಳ ಲ್ಯಾಬಿಗೆ ಕೊಳ್ಳುವವರು ಇದನ್ನೇ ಮೊದಲ ಷರತ್ತು ಮಾಡಿಕೊಂಡರೆ ನಾನು ಒಪ್ಪುತ್ತೇನೆ.

ಹಾಗಾದರೆ ಯಾವುದು? 87-ವಿ 2004ರ ಸುಮಾರಿಗೆ ಬಂದ ಮಾದರಿ. ಇಂದಿನ ಕಣ್ಣಿಗೆ ಹಳೆಯದು. ಅದರ 20 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್, 6000 ಕೌಂಟ್, ಬೇಕೆಂದಾಗ 20,000 ಕೌಂಟ್, ಯಾವುದೂ ಈಗ ವಿಶೇಷವಲ್ಲ. ಆದರೂ ಅದು ನಾಬ್ ತಿರುಗಿಸಿದ ಕೂಡಲೇ ಸಿದ್ಧ, ಕಂಟಿನ್ಯುಟಿ ಬೀಪ್ ತಾಗಿದ ಕೂಡಲೇ ಕೂಗುತ್ತದೆ, ಒಂದು 9 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 400 ಗಂಟೆ ನಡೆಯುತ್ತದೆ. ದಿನಕ್ಕೆ ನೂರು ಸಲ ಕೈಗೆತ್ತಿಕೊಳ್ಳುವ ಉಪಕರಣದಲ್ಲಿ ಇವು ಸಣ್ಣ ಗುಣಗಳಲ್ಲ. ಅದೇ ಕಂಪನಿಯ 289 ಅಳತೆಯಲ್ಲಿ ಎಷ್ಟೋ ಮುಂದಿದೆ: 50,000 ಕೌಂಟ್, ಶೇಕಡಾ 0.025, 100 ಕಿಲೋಹರ್ಟ್ಸ್, ರಾತ್ರಿಯಿಡೀ ರೀಡಿಂಗ್ ಬರೆದಿಟ್ಟುಕೊಳ್ಳುವ ಶಕ್ತಿ. ಆದರೆ ಆನ್ ಮಾಡಿದಾಗ ಕಾಯಿಸುತ್ತದೆ, ದಪ್ಪ, ಆರು ಪೆನ್ಸಿಲ್ ಸೆಲ್ ಬೇಕು. ದಿನನಿತ್ಯದ ಮೊದಲ ಮೀಟರಾಗಿ ನಾನು ಅದನ್ನು ಸೂಚಿಸುವುದಿಲ್ಲ. ಕೀಸೈಟ್ ಯು1282ಎ ನನ್ನ ದೃಷ್ಟಿಯಲ್ಲಿ ಹೆಚ್ಚು ಹದವಾದ ಮೀಟರ್: 60,000 ಕೌಂಟ್, ಶೇಕಡಾ 0.025, ನೀರು ಧೂಳು ನುಗ್ಗದ ಕವಚ, ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ಕಂಪನಿ ಹೇಳುವಂತೆ 800 ಗಂಟೆ. ಹಿಯೋಕಿ ಡಿಟಿ4282 ಅಷ್ಟೇ ಕೌಂಟ್, ಅಷ್ಟೇ ನಿಖರತೆಯಲ್ಲಿ ಅದಕ್ಕೆ ಸರಿಸಾಟಿ. ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಅಳತೆ ಕೊಡುವುದು ಬ್ರೈಮೆನ್ 869ಎಸ್: ಡಿಸಿಯಲ್ಲಿ 5 ಲಕ್ಷ ಕೌಂಟ್, ಶೇಕಡಾ 0.02, ಕ್ಯಾಟ್ 4 1000 ವೋಲ್ಟ್. ನಮ್ಮ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗದು. ತರಿಸಿಕೊಂಡರೆ ಸುಂಕವೂ, ಕೆಟ್ಟರೆ ಸರ್ವಿಸ್ ಎಲ್ಲಿ ಎಂಬ ಚಿಂತೆಯೂ ಜೊತೆಗೆ ಬರುತ್ತವೆ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಫ್ಲೂಕ್ 17ಬಿ ಪ್ಲಸ್ ಏಷ್ಯಾದ ಮಾರುಕಟ್ಟೆಗೆಂದು ಮಾಡಿದ ಮೀಟರ್. 87-ವಿಯದೇ ಹಳದಿ ಬಣ್ಣ, ಅದೇ ಕಂಪನಿಯ ಹೆಸರು. ಆದರೆ 4000 ಕೌಂಟ್, ಶೇಕಡಾ 0.5, ಟ್ರೂ ಆರ್‌ಎಂಎಸ್ ಅಲ್ಲ. ಬೆಲೆಗೆ ತಕ್ಕ ಗಟ್ಟಿ ಮೀಟರೇ ಹೌದು, 87ರ ತಮ್ಮ ಎಂದುಕೊಂಡು ಕೊಳ್ಳಬಾರದು ಅಷ್ಟೇ. ಬಣ್ಣದ ಮೇಲೆ ನಂಬಿಕೆ ಎಷ್ಟಿದೆಯೆಂದರೆ, 2014ರಲ್ಲಿ ಅಮೆರಿಕದ ಸ್ಪಾರ್ಕ್‌ಫನ್ ಕಂಪನಿ ತರಿಸಿದ್ದ ಎರಡು ಸಾವಿರ ಹಳದಿ ಮೀಟರುಗಳನ್ನು, ಫ್ಲೂಕ್‌ನ ಬಣ್ಣದ ಟ್ರೇಡ್‌ಮಾರ್ಕ್ ಕಾರಣಕ್ಕೆ ಅಲ್ಲಿನ ಕಸ್ಟಮ್ಸ್ ತಡೆಹಿಡಿದಿತ್ತು. ಪೆಟ್ಟಿಗೆಯ ಬಣ್ಣ ಬಿಟ್ಟು ಮಾದರಿಯ ಸಂಖ್ಯೆ, ಬಿಲ್ಲು, ಅಧಿಕೃತ ಡೀಲರಿನ ಸೀಲು ನೋಡಿ.

ಒಂದು ಮೀಟರಿಗೆ ಇಡೀ ದುಡ್ಡು ಸುರಿಯುವುದಕ್ಕಿಂತ, ಒಂದು ಒಳ್ಳೆಯದು ಮತ್ತು ಇನ್ನೊಂದು ಮಧ್ಯಮ ದರ್ಜೆಯದು ಇರುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ರೆಗ್ಯುಲೇಟರಿನ ದಕ್ಷತೆ ನೋಡಬೇಕಾದರೂ ವೋಲ್ಟೇಜ್ ಮತ್ತು ಕರೆಂಟ್ ಒಟ್ಟಿಗೆ ಕಾಣಬೇಕು. ಎರಡು ಮೀಟರುಗಳು ಒಂದೇ ಬಿಂದುವಿನಲ್ಲಿ ಬೇರೆ ಬೇರೆ ಮಾತು ಹೇಳಿದಾಗ ಯಾವುದೋ ಒಂದು ದಾರಿ ತಪ್ಪಿದೆ ಎಂದಾದರೂ ತಿಳಿಯುತ್ತದೆ. ಮಿಕ್ಕ ದುಡ್ಡಿನಲ್ಲಿ ಸಿಲಿಕಾನ್ ವೈರಿನ ಮೆದುವಾದ, ಮೊನೆ ಚೂಪಾದ ಪ್ರೋಬುಗಳನ್ನೂ ಒಂದು ಜೊತೆ ಬದಲಿ ಫ್ಯೂಸನ್ನೂ ಕೊಳ್ಳಿ.

ಕೊಂಡ ಮೇಲೂ ಒಂದು ಮಾತು ನೆನಪಿರಲಿ: ಡೇಟಾಶೀಟಿನ ನಿಖರತೆ 23 ಡಿಗ್ರಿಯ ಆಚೀಚೆ 5 ಡಿಗ್ರಿಯೊಳಗೆ, ಹೆಚ್ಚಿನ ಮೀಟರುಗಳಲ್ಲಿ ಕ್ಯಾಲಿಬ್ರೇಶನ್ ಆದ ಒಂದು ವರ್ಷದವರೆಗೆ ಮಾತ್ರ. ಒಳ್ಳೆಯ ಮೀಟರಿನಲ್ಲೂ ಆ ಮಿತಿ ದಾಟಿದ ಪ್ರತಿ ಡಿಗ್ರಿಗೆ ಅನಿಶ್ಚಿತತೆ ಮೂಲದ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಹೆಚ್ಚುತ್ತದೆ. ರಾಯಚೂರಿನ ಬೇಸಿಗೆಯ 40 ಡಿಗ್ರಿಯಲ್ಲಿ ಶೇಕಡಾ 0.05 ಎಂಬುದು 0.08 ಆಗುತ್ತದೆ, ಮೈಸೂರಿನ ಚಳಿಗಾಲದಲ್ಲಿ ಕೊಠಡಿಯೊಳಗೆ ಆ ಚಿಂತೆ ಇಲ್ಲ. ಕ್ಯಾಲಿಬ್ರೇಶನ್ ಮಾಡಿಸಲು ಪೀಣ್ಯದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರವಿದೆ, ಎನ್‌ಎಬಿಎಲ್ ಮಾನ್ಯತೆ ಪಡೆದ ಖಾಸಗಿ ಲ್ಯಾಬುಗಳೂ ಇವೆ. ಮೀಟರ್ ಕೊಡುವಾಗ ಸರ್ಟಿಫಿಕೇಟ್ ಮಾತ್ರ ಕೇಳಬೇಡಿ; ಸರಿಹೊಂದಿಸುವುದಕ್ಕೆ ಮುಂಚೆ ಅದು ಎಷ್ಟು ತೋರಿಸುತ್ತಿತ್ತು ಎಂಬ ರೀಡಿಂಗುಗಳನ್ನೂ ಬರೆದುಕೊಡಲು ಹೇಳಿ. ಕಳೆದ ವರ್ಷವಿಡೀ ನೀವು ಅಳೆದದ್ದರಲ್ಲಿ ಎಷ್ಟನ್ನು ನಂಬಬಹುದು ಎಂಬುದು ತಿಳಿಯುವುದು ಆ ಕಾಲಮ್ಮಿನಿಂದಲೇ.